ಬಸ್ಸು ಕಾಯುವ ಸೀನು ಬರೆದವಳು ನಾನು

ಸಿಂಧನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಆಗ ಒಂದು ಪುಸ್ತಕದ ಅಂಗಡಿ ಇತ್ತು. ಶಾಲೆಯ ಗೈಡು, ಪಂಚಾಂಗ, ಭಜನೆಯ ಪುಸ್ತಕಗಳ ಜೊತೆಗೆ ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ನಾಟಕದ ಪುಸ್ತಕಗಳನ್ನು ನೇತುಹಾಕುತ್ತಿದ್ದರು. ಊರೂರಿನ ಹವ್ಯಾಸಿ ಮೇಳದವರು ಬಂದು, ಪಾತ್ರ ಎಷ್ಟು, ಹೆಣ್ಣು ಪಾತ್ರ ಎಷ್ಟು, ಕಾಮಿಡಿ ಜೋರಾಗಿದೆಯೇ ಎಂದು ವಿಚಾರಿಸಿ ಒಂದನ್ನು ಇಳಿಸಿಕೊಂಡು ಹೋಗುತ್ತಿದ್ದರು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಮಸ್ಕಿ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಾನೂ ಒಂದನ್ನು ಇಳಿಸಿಕೊಂಡೆ. ತೆರೆದ ಪುಟದಲ್ಲಿ ಇಬ್ಬರು ಗಂಡಸರು ಬಸ್ಸು ಕಾಯುತ್ತಾ ಜಗಳವಾಡುತ್ತಿದ್ದರು. ಮೊದಲನೆಯ ಮಾತು ಓದಿದೆ. ಎರಡನೆಯದು ಏನೆಂದು ಓದದೆಯೇ ಗೊತ್ತಿತ್ತು. ಮೂರನೆಯದೂ ಗೊತ್ತಿತ್ತು. ಗೊತ್ತಿರದೆ ಏನು, ಆ ಸೀನು ಬರೆದವಳೇ ನಾನು.

ಮುಖಪುಟ ತಿರುಗಿಸಿ ನೋಡಿದೆ. ನಾಟಕದ ಹೆಸರು ಬದಲಾಗಿತ್ತು. ಕೆಳಗೆ ‘ರಚನೆ’ ಎಂದು ಹಾಕಿ ಒಬ್ಬ ಗಂಡಸಿನ ಹೆಸರು, ಹೆಸರಿನ ಹಿಂದೆ ಒಂದು ಉದ್ದನೆಯ ಬಿರುದು, ಪಕ್ಕದಲ್ಲಿ ಶಾಲು ಹೊದ್ದ ಫೋಟೋ. ಫೋಟೋದಲ್ಲಿದ್ದವನು, ಕೆಲವು ವರ್ಷಗಳ ಹಿಂದೆ ಸಂತೆಕಲ್ಲೂರಿನಲ್ಲಿ ನನ್ನ ನಾಟಕವನ್ನು ಕಲಿಸಲು ಬಂದಿದ್ದ ಹಾರ್ಮೋನಿಯಂ ಮಾಸ್ತರ.

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮಸ್ಕಿಯ ನಮ್ಮ ಓಣಿಗೆಲ್ಲ ಗೊತ್ತಿದ್ದ ವಿಷಯ. “ನಮ್ಮ ಸೊಸಿನ್ನ ಒಲಿ ಮುಂದ ಕುಂದ್ರಸ್ರಿ, ಕಡ್ಡಿಪೆಟ್ಟಗಿ ಉಳಿತಾವ” ಎಂದು ನಮ್ಮ ಅತ್ತೆ ಬಂದವರೆದುರಿಗೆಲ್ಲ ಚೇಷ್ಟೆ ಮಾಡುತ್ತಿದ್ದರು. ಆ ದಿನ ಅಂಗಡಿಯವನ ಜೊತೆಗೆ ಅಲ್ಲೇ ಕಾದಾಡಿಬಿಡುತ್ತಿದ್ದೆನೋ ಏನೋ. ಆದರೆ ಪುಸ್ತಕ ನನ್ನದೆಂದು ಹೇಳಲು ಬಾಯಿ ತೆರೆದಾಗ, ಅದಕ್ಕೆ ಏನು ಗುರುತು ತೋರಿಸಲಿ ಎಂಬುದು ಹೊಳೆಯಲಿಲ್ಲ. ಬಾಯಿ ಮುಚ್ಚಿಕೊಂಡು ಆ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡೆ. ನನ್ನ ನಾಟಕವನ್ನು ನಾನೇ ಕೊಂಡು ತಂದೆ. ಬಸ್ಸಿನಲ್ಲಿ ಕುಳಿತು ಓದುತ್ತಾ ಬಂದಂತೆ ಕಣ್ಣಲ್ಲಿ ನೀರು ಬಂತು, ಅದೂ ಸಿಟ್ಟಿನಿಂದಲೇ.

ಆ ನಾಟಕ ಹುಟ್ಟಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ನನ್ನ ಮನೆ ಮಸ್ಕಿಯಲ್ಲಿ, ಮಾಸ್ತರಿಕೆ ಸಂತೆಕಲ್ಲೂರಿನ ಪ್ರಾಥಮಿಕ ಶಾಲೆಯಲ್ಲಿ. ಊರಿನ ಮೇಳದವರು ಪ್ರತಿವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಒಂದು ನಾಟಕ ಆಡುತ್ತಿದ್ದರು. ಅದರ ತಾಲೀಮು ನಮ್ಮ ಶಾಲೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಮಕ್ಕಳು ಮನೆಗೆ ಹೋಗುವ ಹೊತ್ತಿಗೆ ಅವರು ಒಬ್ಬೊಬ್ಬರಾಗಿ ಬರುವರು. ಬಸ್ಸು ಬರುವತನಕ ನಾನು ನೋಡುತ್ತಾ ನಿಲ್ಲುತ್ತಿದ್ದೆ, ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವರು ಆಡುವ ನಾಟಕಗಳಲ್ಲೆಲ್ಲ ಸೊಸೆಯಾದವಳು ಮೊದಲ ಸೀನಿನಿಂದ ಕೊನೆಯ ಸೀನಿನವರೆಗೆ ಅಳುತ್ತಿದ್ದಳು. “ನಿಮ್ಮೂರಾಗ ಹೆಣ್ಣುಮಕ್ಕಳಿಗೆ ಅಳೋದು ಬಿಟ್ರ ಬ್ಯಾರೆ ಕೆಲಸ ಇಲ್ಲೇನು?” ಎಂದು ಒಂದು ದಿನ ಕೇಳಿಯೇಬಿಟ್ಟೆ.

ಮೇಳದ ಹಿರಿಯ ಒಬ್ಬ ಕುರಿಗಾರ. ಹಗಲೆಲ್ಲ ಕುರಿಗಳ ಹಿಂದೆ ಅಲೆದು ಸಂಜೆ ನಾಟಕದಲ್ಲಿ ಆಳುಮಗನ ಪಾತ್ರ ಮಾಡಿ ಜನರನ್ನು ನಗಿಸುತ್ತಿದ್ದವನು. ಅವನು ತಲೆಯ ರುಮಾಲು ಸರಿಮಾಡಿಕೊಳ್ಳುತ್ತಾ, “ಅಷ್ಟು ಗೊತ್ತಿದ್ರ ನೀವ ಒಂದು ಬರೀರಲ್ರೀ ಅಕ್ಕೋರ, ನಾವು ಆಡ್ತೀವಿ” ಅಂದ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಕರೆಯುವುದು. ಉಳಿದವರು ನಕ್ಕರು. ಅವರು ನಗದೇ ಇದ್ದಿದ್ದರೆ ನಾನು ಬರೆಯುತ್ತಿದ್ದೆನೋ ಇಲ್ಲವೋ.

ಬರೆದೆ. ಅಣ್ಣತಮ್ಮಂದಿರು ಬೇರೆಯಾಗುವ ಕಥೆ. ತಾಯಿ ತಂದೆ ತವರು ಯಾವುದೂ ಇಲ್ಲದ ಕಿರಿಯ ಸೊಸೆಯೊಬ್ಬಳು ಪಂಚರ ನಡುವೆ ಬಂದು ಕುಳಿತು, ಒಂದು ಹನಿ ಕಣ್ಣೀರು ಹಾಕದೆ, ತನ್ನ ಮನೆಯ ಪಾಲನ್ನು ಮಾತಿನಲ್ಲೇ ಬಿಡಿಸಿಕೊಳ್ಳುತ್ತಾಳೆ. ಓದಿ ತೋರಿಸಿದಾಗ ಕುರಿಗಾರ, “ಈಕಿ ಮಾತಾಡೂ ಮುಂದ ನಮ್ಮವ್ವ ನೆನಪಾದ್ಲು” ಅಂದ. ಚೆನ್ನಾಗಿದೆ ಎಂಬ ಮಾತನ್ನು ಆಮೇಲೆ ಬಹಳ ಜನ ಹೇಳಿದ್ದಾರೆ. ನನಗೆ ಆ ಒಂದು ಮಾತು ಸಾಕಾಗಿತ್ತು.

ಹಳ್ಳಿಯ ನಾಟಕದ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಡೀ ನಾಟಕ ಇರುವ ಪುಸ್ತಕ ಒಂದೇ, ಅದು ನಾಟಕ ಕಲಿಸುವ ಹಾರ್ಮೋನಿಯಂ ಮಾಸ್ತರನ ಕೈಯಲ್ಲಿ. ಆಡುವವರಿಗೆ ಅವರವರ ಮಾತು ಮಾತ್ರ, ಹಿಂದಿನವನ ಕೊನೆಯ ಮಾತಿನೊಂದಿಗೆ, ಹಾಳೆಯ ಮೇಲೆ ಬರೆದು ಹಂಚುತ್ತಾರೆ. ಅದಕ್ಕೆ ಪಾರ್ಟು ಎನ್ನುತ್ತಾರೆ. ಪಾರ್ಟು ಬಾಯಿಗೆ ಬಂದ ಮೇಲೆ ಹಾಳೆ ಎಲೆ ಅಡಿಕೆ ಕಟ್ಟಲಿಕ್ಕೋ ಬೆಂಕಿ ಹೊತ್ತಿಸಲಿಕ್ಕೋ ಹೋಗುತ್ತದೆ. ಮೂಲ ಪ್ರತಿ ಮಾಸ್ತರನ ಹಾರ್ಮೋನಿಯಂ ಪೆಟ್ಟಿಗೆಯ ಜೊತೆಯಲ್ಲೇ ಊರೂರು ಸುತ್ತುತ್ತದೆ. ಅದನ್ನು ವಾಪಸು ಕೇಳುವ ರೂಢಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಇನ್ನೊಂದು ಪದ್ಧತಿ ಗೋಡೆಗೆ ಹಚ್ಚುವ ಹಾಳೆಯದು. ಆಡುವವರ, ದೀಪದವರ, ಮೈಕಿನವರ, ಎಲ್ಲರ ಹೆಸರೂ ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ‘ರಚನೆ’ ಎಂಬಲ್ಲಿ ಮಾತ್ರ ‘ನಮ್ಮೂರ ಶಾಲೆಯ ಅಕ್ಕೋರು’ ಎಂದಿತ್ತು. ನಾನು ಉರಿದುಬಿದ್ದೆ. ಕುರಿಗಾರ ತಪ್ಪು ಮಾಡಿದವನಂತೆ ನಿಂತು, “ಮನಿತನದ ಹೆಣ್ಣುಮಕ್ಕಳ ಹೆಸರು ಗ್ವಾಡಿಗೆ ಹಚ್ಚಿದ್ರ ನಾಳಿ ಯಾರರ ಹರದು ತುಳದಾಡ್ತಾರಂತ ಮಂದಿ ಬ್ಯಾಡಂದ್ರು, ಅಕ್ಕೋರ. ಮರ್ಯಾದಿಗೆ ಹಂಗ ಮಾಡೀವಿ” ಅಂದ. ಅವನ ಮುಖ ನೋಡಿ ಸುಮ್ಮನಾದೆ. ಮರ್ಯಾದೆಯ ಹೆಸರಿನಲ್ಲಿ ಹೆಣ್ಣಿನ ಹೆಸರು ಅಳಿಸುವುದು ನಮ್ಮಲ್ಲಿ ಹೊಸದೇನಲ್ಲ.

ಈಗ ಬಸ್ಸಿನ ವಿಷಯ. ನಮ್ಮ ಸೀಮೆಯ ಮೇಳಗಳಲ್ಲಿ ಹೆಣ್ಣು ಪಾತ್ರಕ್ಕೆ ಬೇರೆ ಊರುಗಳಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅತ್ತೆಯ ಪಾತ್ರದವಳು ಮುದಗಲ್ಲಿನಿಂದ ಬೆಳಿಗ್ಗೆಯೇ ಬಂದಿದ್ದಳು. ಸೊಸೆಯ ಪಾತ್ರದವಳು ಗಂಗಾವತಿ ಕಡೆಯಿಂದ ಸಿಂಧನೂರಿನ ಮೇಲೆ ಬರಬೇಕಿತ್ತು. ಭತ್ತದ ಕಾಲ. ಸಿಂಧನೂರಿನ ಅಕ್ಕಿ ಗಿರಣಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ರಸ್ತೆಯನ್ನೇ ಕಟ್ಟಿಹಾಕಿವೆ, ಬಸ್ಸುಗಳೆಲ್ಲ ಹಿಂದೆ ನಿಂತಿವೆ ಎಂದು ಮಸ್ಕಿಯಿಂದ ಬಂದ ಲಾರಿಯವನು ಹೇಳಿದ. ಹೊತ್ತು ಇಳಿಯುತ್ತಿತ್ತು. ಜನ ಆಗಲೇ ಕಂಬಳಿ ಚಾಪೆ ಹಿಡಿದುಕೊಂಡು ಬಂದು ಜಾಗ ಹಿಡಿಯುತ್ತಿದ್ದರು. ಮೇಳದವರ ಮುಖದಲ್ಲಿ ಬಣ್ಣದ ಕೆಳಗೆ ರಕ್ತವೇ ಇರಲಿಲ್ಲ.

ಮಾಸ್ತರ ಮಾತ್ರ ಪರದೆಯ ಹಿಂದೆ ಮಿರ್ಚಿ ಬಜ್ಜಿ, ಮಂಡಕ್ಕಿ ಹರಡಿಕೊಂಡು ಕೂತಿದ್ದ. ಅವನದೊಂದು ರೀತಿ ಇತ್ತು. ಬಜ್ಜಿಯನ್ನು ಮುರಿದು ಒಳಗಿನ ಮೆಣಸಿನಕಾಯಿಯನ್ನು ಎಳೆದು ಕಾಗದದ ಅಂಚಿಗೆ ಒಂದರ ಪಕ್ಕ ಒಂದು ಜೋಡಿಸಿಡುವನು, ಹೊರಗಿನ ಹಿಟ್ಟಿನ ಹೊದಿಕೆ ಮಾತ್ರ ತಿನ್ನುವನು. “ಬಂದ್ರ ಬರ್ತಾಳ, ಇಲ್ಲಂದ್ರ ನಾಳಿ ಆಡಿದ್ರಾತು” ಎಂದು ಬಾಯಿ ತುಂಬಿಕೊಂಡೇ ಹೇಳಿದ. ನನ್ನ ಮೈಯೆಲ್ಲ ಉರಿದುಹೋಯಿತು.

ಬಣ್ಣದ ಟ್ರಂಕಿನ ಮೇಲೆ ಹಾಳೆ ಇಟ್ಟುಕೊಂಡು ಅಲ್ಲೇ ನೆಲಕ್ಕೆ ಕೂತೆ. ಮೊದಲನೆಯ ಸೀನಿನಲ್ಲಿ ಸೊಸೆ ಇಲ್ಲ. ಎರಡನೆಯದರಲ್ಲಿ ಅಡುಗೆಮನೆಯಿಂದ ಅವಳ ದನಿ ಮಾತ್ರ ಕೇಳಬೇಕು, ಅದನ್ನು ಅತ್ತೆಯ ಪಾತ್ರದವಳೇ ದನಿ ಬದಲಿಸಿ ಪರದೆಯ ಹಿಂದಿನಿಂದ ಹೇಳಲಿ ಎಂದೆ. ಮೂರನೆಯದಕ್ಕೆ ಸೊಸೆ ಬರಲೇಬೇಕು. ಅಲ್ಲಿ ಒಂದು ಹೊಸ ಸೀನು ಬರೆದು ತುರುಕಿದೆ: ಮನೆಯ ಆಳುಮಗನೂ ಮುದಿ ಸೋದರಮಾವನೂ ಊರ ಮುಂದೆ ಕೂತು ಸೊಸೆ ಬರುವ ಬಸ್ಸು ಕಾಯುತ್ತಾರೆ. ಒಂದು ಪುಟ ಬರೆಯುವುದು, ಅದನ್ನು ಕುರಿಗಾರನಿಗೂ ಮಾವನ ಪಾತ್ರದವನಿಗೂ ಓದಿ ಹೇಳುವುದು, ಅವರು ಬಾಯಿಪಾಠ ಮಾಡುವಾಗ ಮುಂದಿನ ಪುಟ ಬರೆಯುವುದು. ಭತ್ತದ ಟ್ರ್ಯಾಕ್ಟರು ಹಾಕಿದೆ, ಲಾರಿಯವನನ್ನು ಹಾಕಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ಮಾಸ್ತರನನ್ನೂ ಹಾಕಿದೆ. “ಬಸ್ಸಿನ ಚಿಂತಿ ಅವಗ್ಯಾಕ? ನಮ್ಮ ಪೆಟಗಿ ಮಾಸ್ತರ ಮಿರ್ಚಿ ಒಳಗಿನ ಮೆಣಸಿನಕಾಯಿ ತಗದು ಪಂಕ್ತಿಗೆ ಕುಂದ್ರಸಾಕತ್ಯಾನ” ಎಂಬುದು ಆಳುಮಗನ ಮಾತು.

ಎರಡನೆಯ ಸೀನಿನಲ್ಲಿ ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಮೂರನೆಯದರಲ್ಲಿ ಬಸ್ಸಿನಿಂದ ಇಳಿಯುವುದು ಹೇಗೆ ಎಂದು ಆ ದಿನ ಒಬ್ಬರೂ ಕೇಳಲಿಲ್ಲ. ಇಡೀ ಊರಿಗೆ ಕಾರಣ ಗೊತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಣಸಿನಕಾಯಿಯ ಮಾತಿಗೆ ಮಾಸ್ತರನೂ ನಕ್ಕ, ಹಾಸ್ಯ ಪಾತ್ರದವರು ಪೆಟ್ಟಿಗೆ ಮಾಸ್ತರನನ್ನು ಛೇಡಿಸುವುದು ಎಲ್ಲ ನಾಟಕದಲ್ಲೂ ಇದ್ದದ್ದೇ ಎಂದುಕೊಂಡಿರಬೇಕು. ಸೀನು ನಡೆದಿರುವಾಗಲೇ ಹೊರಗೆ ಹಾರ್ನು ಕೇಳಿಸಿತು. ಕಲಾವಿದೆ ಬಸ್ಸಿನಿಂದ ಇಳಿದು ಜನರ ನಡುವೆಯೇ ಓಡಿ ಬಂದಳು. ಅಂಥ ಸಿಳ್ಳೆಯನ್ನು ನಾನು ಮತ್ತೆ ಕೇಳಿಲ್ಲ. ಅವಸರದಲ್ಲಿ ಬರೆದ ಆ ಪುಟಗಳೂ ಮೂಲ ಪ್ರತಿಯೊಳಗೆ ಸೇರಿ ಮಾಸ್ತರನ ಪೆಟ್ಟಿಗೆಗೆ ಹೋದವು. ನಾಟಕ ಮುಗಿದ ಮೇಲೆ ಮೇಳದವರು ನನ್ನನ್ನು ರಂಗದ ಮೇಲೆ ಕರೆದು ಹಸಿರು ಸೀರೆ, ಖಣ, ಕಾಯಿ ಕೊಟ್ಟು ಉಡಿ ತುಂಬಿಸಿದರು. ಆ ಸೀರೆ ಉಟ್ಟುಕೊಂಡು ಮರುದಿನ ಶಾಲೆಗೆ ಹೋದೆ. ಹಮ್ಮು ಬಂದಿತ್ತೇ ಎಂದರೆ, ಬಂದಿತ್ತು.

ಇಷ್ಟೆಲ್ಲ ಹಿಂದಿನದು. ಈಗ ಆ ಪುಸ್ತಕ ಬೇರೆಯವನ ಹೆಸರಿನಲ್ಲಿ ನನ್ನ ಕೈಯಲ್ಲಿತ್ತು. ಮರುದಿನ ಸಂತೆಕಲ್ಲೂರಿಗೆ ಹೋಗಿ ಕುರಿಗಾರನೆದುರು ಓದತೊಡಗಿದೆ. ಒಂದು ಮಾತು ಓದಿದರೆ ಮುಂದಿನದನ್ನು ಅವನು ಹೇಳುತ್ತಿದ್ದ. ಮುಖಪುಟದ ಫೋಟೋ ತೋರಿಸಿದಾಗ ಅವನ ಮೀಸೆ ಅದುರಿತು.

“ನಮ್ಮೂರಿಗೆ ಬಂದ ಬಸ್ಸನ್ನ ತನ್ನ ಊರಿಗೆ ಹೊಡಕೊಂಡು ಹೋಗ್ಯಾನಲ್ರೀ ಇವ! ನಡೀರಿ, ಲಿಂಗಸುಗೂರಿಗೆ ಹೋಗೋಣು. ನಮ್ಮ ಹೊಲದ ವಕೀಲ್ರನ್ನ ಕೇಳೋಣು.”

ಲಿಂಗಸುಗೂರಿನ ಕೋರ್ಟಿನ ಪಕ್ಕದಲ್ಲಿ ಆ ವಕೀಲರ ಕಚೇರಿ. ಬದುವಿನ ಜಗಳ, ಪಾಲಿನ ಜಗಳಗಳಲ್ಲೇ ಕೂದಲು ಹಣ್ಣಾದವರು. ಪುಸ್ತಕ ತಿರುವಿ ನೋಡಿ, ನಾಟಕದ ಕೇಸು ತಮಗೆ ಇದೇ ಮೊದಲು ಎಂದು ನಕ್ಕರು. ಎದ್ದು ಹೋಗಿ ಕಪಾಟಿನಿಂದ ಒಂದು ಕಾನೂನಿನ ಪುಸ್ತಕ ಎಳೆದು, ಧೂಳು ಊದಿ, ನಮ್ಮನ್ನು ಮರೆತವರಂತೆ ಓದುತ್ತಾ ಕೂತರು. ಕುರಿಗಾರ ಚಹಾ ಕುಡಿದು ಮುಗಿಸಿದ ಮೇಲೆ ತಲೆ ಎತ್ತಿದರು.

“ಈ ಅಣ್ಣತಮ್ಮ ಬ್ಯಾರೆ ಆಗೂ ಕಥಿ ಐತಲ್ರೀ, ಅದರ ಮ್ಯಾಲೆ ನಿಮಗ ಹಕ್ಕಿಲ್ಲ” ಅಂದರು.

ನಾನು ಎದ್ದು ನಿಂತೇಬಿಟ್ಟೆ.

“ಕುಂದ್ರರಿ ಟೀಚರ್ರೇ, ಪೂರಾ ಕೇಳ್ರಿ. ಕಥಿ, ವಿಚಾರ, ಇವು ಯಾರಪ್ಪನ ಮನಿ ಸ್ವತ್ತೂ ಅಲ್ಲ. ನಾಳಿ ನಾನೂ ಒಂದು ಪಾಲಿನ ಕಥಿ ಬರೀಬಹುದು. ದಿನಾ ನೋಡ್ತೀನಲ್ಲ. ಆದ್ರ ನೀವು ಜೋಡಿಸಿದ ಮಾತು ಐತಲ್ಲ, ಯಾವ ಪಾತ್ರ ಏನಂದ, ಹೆಂಗಂದ, ಯಾವ ಸೀನಿನ ಹಿಂದ ಯಾವ ಸೀನು, ಅದು ನಿಮ್ಮದು. ಅದನ್ನ ನಿಮ್ಮನ್ನ ಕೇಳದ ಯಾರೂ ಅಚ್ಚು ಹಾಕಂಗಿಲ್ಲ. ಅದಕ್ಕ ಕಾಪಿರೈಟ್ ಅಂತಾರ.”

“ನಾನು ಎಲ್ಲೂ ರಜಿಸ್ಟ್ರಿ ಮಾಡ್ಸಿಲ್ರೀ” ಅಂದೆ.

“ಹೊಲಕ್ಕ ರಜಿಸ್ಟ್ರಿ ಬೇಕು. ಇದಕ್ಕ ಬೇಕಂತ ಇಲ್ಲ. ನೀವು ಹಾಳಿ ಮ್ಯಾಲೆ ಬರದ್ರಲ್ಲ, ಅವಾಗ ಹಕ್ಕು ಹುಟ್ಟೇತಿ. ರಜಿಸ್ಟ್ರಿ ಮಾಡ್ಸಿದ್ರ ಸಬೂತಿಗೆ ಅನುಕೂಲ ಆಗ್ತಿತ್ತು, ಅಷ್ಟ. ನೀವು ಇರೋತನಕ ಇರ್ತೈತಿ, ನೀವು ಹೋದ ಮ್ಯಾಲೆ ನಿಮ್ಮ ಮಕ್ಕಳಿಗೆ ಇನ್ನೂ ಅರವತ್ತು ವರ್ಷ.”

“ಸತ್ತ ಮ್ಯಾಲಿಂದು ಆಮ್ಯಾಲೆ ನೋಡೋಣ್ರೀ. ಬದುಕಿದ್ದಾಗಿಂದು ಹೇಳ್ರಿ” ಅಂದೆ.

ವಕೀಲರು ಗಟ್ಟಿಯಾಗಿ ನಕ್ಕರು. ಆಮೇಲೆ ತುಸು ಹುಷಾರಾಗಿ, “ಮೇಳದವರ ಕಡಿಂದ ಏನರ ತಗೊಂಡೀರೇನು?” ಎಂದು ಕೇಳಿದರು. ಸೀರೆಯ ವಿಷಯ ಹೇಳಿದೆ. ನಾಟಕ ಊರಿಗೆ ಕೊಟ್ಟ ಹಾಗಾಗಿಬಿಟ್ಟಿತೇ ಎಂದು ಕೇಳಿದೆ. ಅವರು ಕೈ ಅಲ್ಲಾಡಿಸಿದರು. “ಸೀರಿ ಉಡಿಸೋದು ಮರ್ಯಾದಿ, ಖರೀದಿ ಅಲ್ಲ. ಹಕ್ಕು ಇನ್ನೊಬ್ಬರಿಗೆ ಹೋಗಬೇಕಂದ್ರ ಕಾಗದದ ಮ್ಯಾಲೆ ಬರದು ನೀವು ದಸ್ಕತ್ ಹಾಕಿರಬೇಕು. ಇನ್ನೊಂದು ಕೇಳ್ರಿ. ನೀವು ಬರದು ಕೊಟ್ಟಿದ್ರೂ, ಹಕ್ಕೆಲ್ಲ ಮಾರಿದ್ರೂ, ಇದನ್ನ ಬರದಾಕಿ ನಾನು ಅಂತ ಹೇಳೂ ಹಕ್ಕು ನಿಮ್ಮ ಕಡೇನ ಉಳೀತೈತಿ. ಹೊಲ ಮಾರಿದ್ರ ಪಹಣಿಯಾಗಿನ ಹೆಸರು ಹೋಗ್ತೈತಿ. ಇಲ್ಲಿ ಹಂಗಲ್ಲ.”

ಆ ಮಾತು ಕೇಳಿದಾಗ ನನಗೆ ಎಷ್ಟು ಹಿಗ್ಗಾಯಿತೆಂದು ಇವತ್ತಿಗೂ ಹೇಳಲಾರೆ. ಗೋಡೆಯ ಮೇಲೆ ನನ್ನ ಹೆಸರು ಬೇಡವೆಂದ ಊರುಗಳ ನಡುವೆ, ದೂರದ ದಿಲ್ಲಿಯಲ್ಲಿ ಕೂತ ಯಾರೋ ನನ್ನ ಹೆಸರನ್ನು ನನ್ನಿಂದ ಯಾರೂ ಬಿಡಿಸಿಕೊಳ್ಳಬಾರದೆಂದು ಕಾನೂನು ಬರೆದಿಟ್ಟಿದ್ದರು.

“ಹಕ್ಕೇನೋ ಐತಿ. ಸಬೂತು?” ಎಂದರು ವಕೀಲರು. “ನಿಮ್ಮ ಕೈಬರಹ ಅವನ ಕಡೆ. ಗ್ವಾಡಿಗೆ ಹಚ್ಚಿದ ಹಾಳಿ ಮ್ಯಾಲೆ ಬರೇ ಅಕ್ಕೋರು ಅಂತೈತಿ. ಕೋರ್ಟಿಗೆ ಹೋದ್ರ ವರ್ಷಗಟ್ಲೆ ಓಡಾಡಬೇಕು. ಮೊದಲ ಆ ಅಂಗಡ್ಯಾಗ ಕುಂತು ಮಾತಾಡ್ರಿ. ಅಚ್ಚು ಹಾಕಿದವನೂ ಹೊಣಿ ಅಂತ ನಾನು ಹೇಳೀನಂತ ಹೇಳ್ರಿ.”

ಮುಂದಿನ ವಾರ ಸಿಂಧನೂರಿಗೆ ಹೋದೆವು. ನಾನು, ಕುರಿಗಾರ, ಸೋದರಮಾವನ ಪಾತ್ರ ಮಾಡಿದ್ದ ರೈತ. ಪುಸ್ತಕದಂಗಡಿಯ ಸಾಹುಕಾರನೇ ಅದನ್ನು ಅಚ್ಚು ಹಾಕಿಸಿದವನು. ಗಲ್ಲಾದ ಹಿಂದೆ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಕೂತಿದ್ದ. ಹೊಣೆ ಎಂಬ ಮಾತು ಕಿವಿಗೆ ಬಿದ್ದಾಗ ಕನ್ನಡಕ ಮೇಲೇರಿಸಿದ. ಮಾಸ್ತರ ಅದೇ ಪೇಟೆಯಲ್ಲಿ ಒಂದು ಮೇಳಕ್ಕೆ ಕಲಿಸುತ್ತಿದ್ದುದರಿಂದ ಕರೆಕಳಿಸಿದ. ಜಗಳವಾಗದಿರಲಿ ಎಂದೋ ಏನೋ, ಎದುರಿನ ಹೋಟೆಲಿನಿಂದ ಚಹಾ, ಮಿರ್ಚಿ ಎಲ್ಲರಿಗೂ ತರಿಸಿದ.

ಮಾಸ್ತರ ಬಂದವನು ನನ್ನನ್ನು ನೋಡಿ ಒಂದು ಕ್ಷಣ ತಡವರಿಸಿದ, ಆಮೇಲೆ ನಗುಮುಖ ಮಾಡಿಕೊಂಡ. “ಅಕ್ಕೋರು ಅವಾಗ ಒಂದೆರಡು ಮಾತು ತಿದ್ದಿಕೊಟ್ಟಿದ್ರು, ಇಲ್ಲಂತ ನಾನು ಅನ್ನಲ್ಲ. ಆದ್ರ ಪೂರಾ ನಾಟಕ ಬರೆಯೋದಂದ್ರ ಹೆಣ್ಣುಮಕ್ಕಳ ಕೆಲಸೇನ್ರಿ ಸಾವ್ಕಾರ್ರ? ರಾಗ ಗೊತ್ತಿರಬೇಕು, ರಂಗ ಗೊತ್ತಿರಬೇಕು.”

ನಾನು ಬಾಯಿ ತೆರೆಯುವ ಮೊದಲೇ ಕುರಿಗಾರ ಶುರುಮಾಡಿದ. ಅಂಗಡಿಯ ಕಟ್ಟೆಯ ಮೇಲೆ ನಿಂತು, ಮೊದಲನೆಯ ಸೀನಿನಿಂದ, ತನ್ನ ಮಾತು, ಅಣ್ಣನ ಮಾತು, ಗೌಡನ ಮಾತು, ಎಲ್ಲರದೂ ದನಿ ಬದಲಿಸಿ ಹೇಳುತ್ತಾ ಹೋದ. ಮಾವನ ಪಾತ್ರದವನು ನಡುನಡುವೆ ಸೇರಿಕೊಂಡ. ಸಾಹುಕಾರ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲೇ ಹಿಂಬಾಲಿಸಿದ. ಒಂದು ಮಾತೂ ಅತ್ತಿತ್ತಾಗಲಿಲ್ಲ. ದಾರಿಯಲ್ಲಿ ಹೋಗುವ ಜನ ನಿಂತರು, ಆಟೋದವರು ನಿಂತರು. ನನ್ನ ನಾಟಕ ಸಿಂಧನೂರಿನ ನಡುಪೇಟೆಯಲ್ಲಿ ಹಾಡುಹಗಲು ನಡೆಯುತ್ತಿತ್ತು. ಕಳ್ಳತನದ ಪಂಚಾಯಿತಿಗೆ ಬಂದಿದ್ದೇನೆ ಎಂಬುದನ್ನೂ ಮರೆತು ಕೇಳುತ್ತಾ ನಿಂತೆ.

ಮುಗಿದ ಮೇಲೆ ಮಾಸ್ತರ ಚಪ್ಪಾಳೆ ತಟ್ಟಿದ. “ನೋಡ್ರಿ, ಕಲಿಸಿದವ ನಾನು! ನನ್ನ ಶಿಷ್ಯಾರು ನನ್ನ ನಾಟಕ ಹೇಳದ ಇನ್ಯಾರದು ಹೇಳ್ತಾರ?”

ಮಾತು ಸರಿಯಾಗಿತ್ತು. ಅವರ ಬಾಯಿಗೆ ನಾಟಕ ತುಂಬಿದವನು ಅವನೇ. ಸಾಹುಕಾರ ಪುಸ್ತಕ ಮುಚ್ಚಲು ಹೋದ. ಕುರಿಗಾರನ ಮುಖ ಸಣ್ಣದಾಯಿತು. ನನಗೆ ಆಗ ಆ ಮೂರನೆಯ ಸೀನು ನೆನಪಾಯಿತು.

“ಮಾಸ್ತರ, ಎರಡನೇ ಸೀನಿನ್ಯಾಗ ಸೊಸಿ ಎಲ್ಲಿರ್ತಾಳ?”

“ಅಡಗಿಮನ್ಯಾಗ.”

“ಮೂರನೇದರಾಗ ಆಕಿ ಬಸ್ಸಿಗೆ ಯಾಕ ಬರ್ತಾಳ?”

ಅವನು ಕೈಯಲ್ಲಿದ್ದ ಬಜ್ಜಿ ಮುರಿದ. “ತವರಿಗೆ ಹೋಗಿರ್ತಾಳ.”

“ಆಕಿಗೆ ತವರ ಇಲ್ಲಂತ ಒಂದನೇ ಸೀನಿನ್ಯಾಗ ಐತಲ್ಲ.”

ಸಾಹುಕಾರ ಪುಟ ಹಿಂದೆ ಮುಂದೆ ಮಾಡಿ ನೋಡಿದ. “ಹೌದಲ್ರೀ ಮಾಸ್ತರ! ಈ ಬಸ್ಸು ಎಲ್ಲಿಂದ ಬಂತು?”

“ಕಾಮಿಡಿಗೆ ಹಂಗೆಲ್ಲ ಲೆಕ್ಕ ಇರಲ್ರೀ” ಎಂದ ಮಾಸ್ತರ, ಹಣೆ ಒರೆಸಿಕೊಳ್ಳುತ್ತಾ. ಕುರಿಗಾರ ಈಗ ಭತ್ತದ ಟ್ರ್ಯಾಕ್ಟರಿನಿಂದ ಹಿಡಿದು ಬಣ್ಣದ ಟ್ರಂಕಿನವರೆಗೆ ಎಲ್ಲ ಹೇಳಿದ. ಸಾಹುಕಾರ ಅರ್ಧ ನಂಬಿದ, ಅರ್ಧ ಬಿಟ್ಟ. ಆ ಸೀನನ್ನು ಮತ್ತೆ ತಾನೇ ಗಟ್ಟಿಯಾಗಿ ಓದತೊಡಗಿದ. ಮೆಣಸಿನಕಾಯಿಯ ಮಾತಿಗೆ ಬಂದು ನಿಂತ. ಕನ್ನಡಕದ ಮೇಲಿನಿಂದ ಮಾಸ್ತರನ ಮುಂದಿದ್ದ ಕಾಗದ ನೋಡಿದ. ಅದರ ಅಂಚಿನಲ್ಲಿ ಹಸಿರು ಮೆಣಸಿನಕಾಯಿಗಳು ಒಂದರ ಪಕ್ಕ ಒಂದು ಸಾಲಾಗಿ ಮಲಗಿದ್ದವು.

ಸಾಹುಕಾರ ನಗಲು ಶುರುಮಾಡಿದವನು ನಿಲ್ಲಿಸಲಿಲ್ಲ. “ಮಾಸ್ತರ, ಇದನ್ನೂ ನಿಮ್ಮ ಮ್ಯಾಲೆ ನೀವ ಬರಕೊಂಡ್ರೇನು?” ಹೊರಗೆ ನಿಂತ ಜನಕ್ಕೂ ವಿಷಯ ತಿಳಿದು, ಅವರೂ ನಕ್ಕರು. ನನ್ನ ಪ್ರತಿಯನ್ನು ಹುಡುಗರ ಕೈಯಲ್ಲಿ ನಕಲು ಮಾಡಿಸಿ, ಅದನ್ನು ತಾನು ಒಮ್ಮೆಯೂ ಓದದೆ ಅಚ್ಚಿಗೆ ಕಳಿಸಿದ್ದ ಆಸಾಮಿ ತನಗೆ ಬಿದ್ದ ಬೈಗುಳಕ್ಕೂ ತನ್ನ ಹೆಸರನ್ನೇ ಹಾಕಿಕೊಂಡಿದ್ದ.

ಮಾಸ್ತರನಿಗೆ ಅವಮಾನವಾಯಿತು. ಅವಮಾನದಲ್ಲಿ ಮನುಷ್ಯ ಬಾಯಿಗೆ ಬಂದದ್ದು ಆಡುತ್ತಾನೆ. “ಏನಾತೀಗ? ಊರವರು ಜನರ ಮುಂದ ಸೀರಿ ಉಡಿಸಿ ಉಡಿ ತುಂಬಿದ್ರಲ್ಲ ಈಕಿಗೆ! ಅಲ್ಲಿಗೆ ಆಕಿ ಲೆಕ್ಕ ಮುಗೀತು. ನಾಟಕ ಮೇಳದ್ದು, ಮೇಳಕ್ಕ ಮಾಸ್ತರ ನಾನು!”

“ಸೀರಿ ಯಾಕ ಉಡಿಸಿದ್ರು ಮಾಸ್ತರ?” ಎಂದು ಕೇಳಿದೆ. ನನ್ನ ದನಿ ಅಷ್ಟು ಮೆತ್ತಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. “ಒಂದೆರಡು ಮಾತು ತಿದ್ದಿದ್ದಕ್ಕೇನು?”

ನಾಟಕ ನಾನು ಬರೆದದ್ದೆಂದು ಅವನ ಬಾಯಿಂದಲೇ ಬಂದಾಗಿತ್ತು. ಸೀರೆ ಮರ್ಯಾದೆಗೆ, ಖರೀದಿಗಲ್ಲ, ಹಕ್ಕು ಕೊಟ್ಟೆನೆಂದು ನಾನು ಎಲ್ಲೂ ದಸ್ಕತ್ ಹಾಕಿಲ್ಲ ಎಂದು ವಕೀಲರ ಮಾತನ್ನು ಸಾಹುಕಾರನಿಗೆ ಒಪ್ಪಿಸಿದೆ.

ಸಾಹುಕಾರ ವ್ಯಾಪಾರಸ್ಥ. ಮಾಸ್ತರ ಎದ್ದು ಹೋದ ಮೇಲೆ ಒಂದು ದಾರಿ ಹುಡುಕಿದ. “ಮಾಸ್ತರ್ರ ಹೆಸರಿಗೆ ಪುಸ್ತಕ ಹೋಗ್ತಾವ್ರೀ ಅಕ್ಕೋರ. ಇಬ್ಬರದೂ ಹಾಕೋಣು. ಮ್ಯಾಲೆ ಅವರದು, ಕೆಳಗ ನಿಮ್ಮದು.”

“ಇಬ್ಬರು ಬರದಿಲ್ರೀ. ಒಬ್ಬಾಕಿ ಬರದಾಳ.”

“ಹಂಗಾದ್ರ ಯಜಮಾನ್ರ ಹೆಸರು ಸೇರಿಸಿ, ಶ್ರೀಮತಿ ಅಂತ...”

“ನಮ್ಮ ಯಜಮಾನ್ರೂ ಬರದಿಲ್ಲ. ನನ್ನ ಹೆಸರು ಸಾಕು. ಬಿರುದು ಬ್ಯಾಡ, ಫೋಟೋ ಬ್ಯಾಡ.”

ಹಗ್ಗದ ಮೇಲಿದ್ದ ಪುಸ್ತಕಗಳನ್ನು ಆವತ್ತೇ ಇಳಿಸಿದ. ಉಳಿದ ಪ್ರತಿಗಳಿಗೆ ನನ್ನ ಹೆಸರಿನ ಚೀಟಿ ಅಚ್ಚು ಹಾಕಿಸಿ ಅಂಟಿಸಿದ. ಮುಂದಿನ ಮುದ್ರಣಕ್ಕೆ ಮೊದಲು ನನ್ನಿಂದ ಬರೆಯಿಸಿಕೊಂಡು ದಸ್ಕತ್ ಮಾಡಿಸಿಕೊಂಡ, ನಾಟಕಕ್ಕೆ ನಾನಿಟ್ಟ ಹೆಸರೂ ವಾಪಸು ಬಂತು. ಬಸ್ಸಿನ ಸೀನು ಕಥೆಗೆ ಹೊಂದುವುದಿಲ್ಲ, ತೆಗೆದುಬಿಡೋಣವೇ ಎಂದು ಆಗ ಕೇಳಿದ. ಬೇಡವೆಂದೆ. ಕಥೆಯಲ್ಲಿ ತಪ್ಪಿದ್ದರೆ ಇರಲಿ, ಅದು ನನ್ನ ತಪ್ಪು.

ಚೀಟಿ ಅಂಟಿಸಿದ ಪುಸ್ತಕವೊಂದನ್ನು ಮನೆಗೆ ತಂದು ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದರು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಒಬ್ಬೊಬ್ಬರನ್ನೂ ನಿಲ್ಲಿಸಿ ತೋರಿಸಿದರು. ಅಂದಿನಿಂದ ಕಡ್ಡಿಪೆಟ್ಟಿಗೆಯ ಚೇಷ್ಟೆ ನಿಂತಿತು ಎಂದೇನೂ ಅಲ್ಲ.

ಮರುವರ್ಷ ಸುಗ್ಗಿಯ ಹೊತ್ತಿಗೆ ಮುದಗಲ್ ಕಡೆಯ ಒಂದು ಹಳ್ಳಿಯಿಂದ ಕೆಲವರು ಮಸ್ಕಿಗೆ ನಮ್ಮ ಮನೆ ಹುಡುಕಿಕೊಂಡು ಬಂದರು. ಎಲೆ ಅಡಿಕೆ, ಕಾಯಿ ತಂದಿದ್ದರು. ಯಾರನ್ನೂ ನಾನು ಬಲ್ಲವಳಲ್ಲ. ಜಗಲಿಯ ಮೇಲೆ ಕೂರಲಿಕ್ಕೂ ಸಂಕೋಚಪಟ್ಟುಕೊಂಡು, ಸಿಂಧನೂರಿನ ಅಂಗಡಿಯಲ್ಲಿ ನನ್ನ ಪುಸ್ತಕ ಕೊಂಡಿರುವುದಾಗಿಯೂ ಅದನ್ನು ತಮ್ಮೂರಲ್ಲಿ ಆಡಲು ನನ್ನ ಅಪ್ಪಣೆ ಬೇಕೆಂದೂ ಕೇಳಿದರು.

“ಟಿಕೀಟು ಹಚ್ಚತೀರೇನು?”

“ಇಲ್ರೀ, ಊರ ಮಂದಿಗೆ ಪುಗಸಟ್ಟೆ. ನಾವು ಹೊಲಮನಿ ಮಾಡೋರು, ಹವ್ಯಾಸಕ್ಕ ಆಡ್ತೀವಿ.”

ಹಾಗೆ ದುಡ್ಡು ತೆಗೆದುಕೊಳ್ಳದೆ ಹವ್ಯಾಸಕ್ಕೆ ಆಡುವ ಮೇಳದವರು ಬರೆದವರ ಅಪ್ಪಣೆ ಕೇಳಬೇಕೆಂದು ಕಾನೂನಿನಲ್ಲಿಲ್ಲ ಎಂದು ಲಿಂಗಸುಗೂರಿನ ವಕೀಲರು ಆಮೇಲೊಮ್ಮೆ ಹೇಳಿದ್ದರು. ಅದನ್ನು ಅವರಿಗೆ ಹೇಳಿದೆ. ಇಷ್ಟು ದೂರ ಬರುವ ಅಗತ್ಯವೇ ಇರಲಿಲ್ಲ, ಕಾನೂನೇ ನಿಮಗೆ ಬಿಟ್ಟುಕೊಟ್ಟಿದೆ ಎಂದೆ.

ಹಿರಿಯನಾದವನು ಎಲೆ ಅಡಿಕೆಯನ್ನು ನನ್ನ ಕಡೆಗೆ ಸರಿಸಿದ.

“ಕಾನೂನು ನಮಗ ಗೊತ್ತಿಲ್ರೀ ಅಕ್ಕೋರ. ಪುಸ್ತಕದ ಮ್ಯಾಲೆ ನಿಮ್ಮ ಹೆಸರೈತಿ. ಹೆಸರಿದ್ದಾಕಿ ಬದುಕ್ಯಾಳ, ಮಸ್ಕ್ಯಾಗ ಅದಾಳ ಅಂತ ಗೊತ್ತಾದ ಮ್ಯಾಲೆ ಕೇಳಲಾರ್ದ ಹೆಂಗ ಆಡೋದ್ರೀ?”

ಮಾತಿಗೆ ಮಾತು ಕೊಡದೆ ನಾನು ಯಾವತ್ತೂ ಬಿಟ್ಟವಳಲ್ಲ. ಆ ದಿನ ಸೆರಗಿನಿಂದ ಮೂಗು ಒರೆಸಿಕೊಂಡು, “ಆಡ್ರಿ, ಚಂದಾಗಿ ಆಡ್ರಿ” ಅಂದೆ.

ಅವರಲ್ಲಿ ಮೈಕಿನಲ್ಲಿ ಹೇಳುವವನೊಬ್ಬನಿದ್ದ, ದಪ್ಪ ದನಿಯವನು. ಶುರುವಿನಲ್ಲಿ ನಾಟಕ ಬರೆದ ಕವಿಯ ಹೆಸರು ತಾನು ಹೇಳಬೇಕಾಗುತ್ತದೆ, ತಪ್ಪಾಗಬಾರದು, ಒಮ್ಮೆ ಹೇಳಿಕೊಡಿ ಎಂದ. ನನ್ನ ಹೆಸರನ್ನು ಬಿಡಿಬಿಡಿಯಾಗಿ ಹೇಳಿಕೊಟ್ಟೆ. ಅವನು ಮೆಲ್ಲಗೆ ಒಂದು ಸಲ ಹೇಳಿ ನನ್ನ ಮುಖ ನೋಡಿದ.

“ಜೋರಾಗಿ” ಅಂದೆ.

ಅವನು ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಇಡೀ ಓಣಿಗೆ ಕೇಳುವಂತೆ ಹೇಳಿದ.